ದೋಣಿ ಕಡವಿನಲ್ಲಿ ಸತ್ಯವಿಶ್ವಾಸಿಯ ವರ್ತನೆ

ನಮಾಝಿನ ಸಫ್‌ನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನೇರವಾಗಿ ನಿಲ್ಲಲು ನಮಗೆ ಚೆನ್ನಾಗಿ ತಿಳಿದಿದೆ. ಸಫ್ ತುಸು ವಕ್ರವಾದರೂ ಇಮಾಮರು ತಿರುಗಿ ನೋಡಿ ಸರಿಪಡಿಸುತ್ತಾರೆ. ಅದೇ ನಾವು ಅರ್ಧ ಗಂಟೆಯ ಬಳಿಕ ದೋಣಿ ಕಡವಿನಲ್ಲಿ ಹೇಗೆ ನಿಲ್ಲುತ್ತೇವೆ? ಅಲ್ಲಿ ತಿರುಗಿ ನೋಡುವ ಇಮಾಮರಿಲ್ಲ. ಆದರೆ ನೋಡುವ ಅಲ್ಲಾಹನಿದ್ದಾನೆ.

ಮಂಗಳೂರಿನ ಹಳೆ ಬಂದರಿನ ಕಡವನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಫಲ್ಗುಣಿ ನದಿ ಮತ್ತು ಅರಬ್ಬಿ ಸಮುದ್ರದ ನಡುವೆ ಚಾಚಿಕೊಂಡಿರುವ ಬೆಂಗ್ರೆಯ ಜನರಿಗೆ ಪೇಟೆಗೆ ಬರಲು ದೋಣಿಯೇ ಹತ್ತಿರದ ದಾರಿ. ರಸ್ತೆಯಲ್ಲಿ ಬರುವುದಾದರೆ ಕೂಳೂರಿನ ಸೇತುವೆಯ ಮೂಲಕ ಸುತ್ತು ಹಾಕಬೇಕು. ಶಾಲೆಗೆ ಹೋಗುವ ಮಕ್ಕಳು, ಕೂಲಿಗೆ ಹೋಗುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಆಸ್ಪತ್ರೆಗೆ ಹೊರಟ ರೋಗಿಗಳು ಎಲ್ಲರೂ ಒಂದೇ ಮೆಟ್ಟಿಲಿನಿಂದ ಇಳಿಯಬೇಕು, ಒಂದೇ ದೋಣಿಯನ್ನು ಹತ್ತಬೇಕು. ಮುಸ್ಲಿಮರೂ ಮೊಗವೀರರೂ ಅಕ್ಕಪಕ್ಕದಲ್ಲಿ ಕುಳಿತು ಹೊಳೆ ದಾಟುತ್ತಾರೆ. ಇಂತಹ ಕಡವು ಯಾರೊಬ್ಬನ ಸೊತ್ತೂ ಅಲ್ಲ. ಆದುದರಿಂದಲೇ ಅಲ್ಲಿ ಎಲ್ಲರ ಹಕ್ಕೂ ಇದೆ.

ದಾರಿಗೂ ಹಕ್ಕಿದೆ ಎಂದು ಪ್ರವಾದಿವರ್ಯರು(ಸ) ತಮ್ಮ ಸಂಗಾತಿಗಳಿಗೆ ಕಲಿಸಿದರು. ದೃಷ್ಟಿಯನ್ನು ತಗ್ಗಿಸುವುದು, ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಉತ್ತರಿಸುವುದು, ಒಳಿತನ್ನು ಆದೇಶಿಸಿ ಕೆಡುಕನ್ನು ತಡೆಯುವುದು, ಇವು ಆ ಹಕ್ಕುಗಳೆಂದು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ವರದಿಯಾಗಿದೆ. ದಾರಿಯಲ್ಲಿರುವ ತೊಡಕನ್ನು ಸರಿಸುವುದೂ ಈಮಾನಿನ ಒಂದು ಶಾಖೆಯೆಂದು ಅವರು ತಿಳಿಸಿದರು. ಕಡವು ಎಂದರೆ ನೀರಿನ ಮೇಲಿನ ದಾರಿಯ ಬಾಗಿಲಲ್ಲವೇ? ಆ ಬಾಗಿಲಲ್ಲಿ ತೊಡಕನ್ನು ಸರಿಸಬೇಕಾದ ನಾವೇ ತೊಡಕಾಗಿ ನಿಂತರೆ ಹೇಗೆ?

ಹಾಗಾದರೆ ಏನು ಮಾಡಬೇಕು? ದೋಣಿ ಬಂದಾಗ ಮೊದಲು ಇಳಿಯುವವರಿಗೆ ದಾರಿ ಬಿಡಿರಿ. ಅವರು ಇಳಿಯದೆ ನಿಮಗೆ ಜಾಗವೇ ಇಲ್ಲ. ಮೆಟ್ಟಿಲಿನ ಮೇಲೆ ಕುಳಿತು ಹರಟಬೇಡಿರಿ. ಸಾಮಾನು ಕಟ್ಟುವುದು, ಚಿಲ್ಲರೆ ಹುಡುಕುವುದು ಮುಂತಾದುವನ್ನು ದಡದಲ್ಲೇ ಮುಗಿಸಿರಿ. ನೀರು ಇಳಿತವಿರುವಾಗ ದೋಣಿ ಮೆಟ್ಟಿಲಿಗಿಂತ ತಗ್ಗಿನಲ್ಲಿ ನಿಲ್ಲುತ್ತದೆ, ಪಾಚಿ ಹಿಡಿದ ಕಲ್ಲು ಜಾರುತ್ತದೆ. ಆಗ ವೃದ್ಧರಿಗೂ ಮಕ್ಕಳಿಗೂ ಒಂದು ಕೈ ನೀಡಿರಿ. ಒಬ್ಬನು ತನ್ನ ಸವಾರಿಯನ್ನೇರಲು ನೆರವಾಗುವುದು, ಅವನ ಹೊರೆಯನ್ನು ಎತ್ತಿಕೊಡುವುದು ಸದಕಾ ಆಗಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಅಂದಿನ ಒಂಟೆಗೆ ಅನ್ವಯಿಸಿದ್ದು ಇಂದಿನ ದೋಣಿಗೆ ಅನ್ವಯಿಸದಿರಲು ಕಾರಣವೇ ಇಲ್ಲ.

ಜನರು ನೀರಿಗಾಗಿ ಬರುವ ಸ್ಥಳ, ನಡೆದಾಡುವ ದಾರಿ, ವಿಶ್ರಮಿಸುವ ನೆರಳು, ಈ ಮೂರು ಕಡೆ ಮಲವಿಸರ್ಜನೆ ಮಾಡುವುದು ಶಾಪಕ್ಕೆ ಗುರಿಯಾಗುವ ಕೃತ್ಯವೆಂದು ಅಬೂದಾವೂದ್ ಗ್ರಂಥದಲ್ಲಿದೆ. ಕಡವಿನ ಗೋಡೆಗೆ ಉಗುಳುವಾಗ, ತಿಂದ ಪೊಟ್ಟಣವನ್ನು ಹೊಳೆಗೆ ಎಸೆಯುವಾಗ ಈ ಮಾತು ನೆನಪಿರಲಿ.

ದೋಣಿ ನಡೆಸುವವನನ್ನು ಏಕವಚನದಲ್ಲಿ ಗದರಿಸುವವರೂ ನಮ್ಮಲ್ಲಿದ್ದಾರೆ. ಹಝ್ರತ್ ಮೂಸಾ(ಅ) ಮತ್ತು ಖಿಝ್ರ್(ಅ)ರನ್ನು ಬಾಡಿಗೆ ಪಡೆಯದೆ ಹತ್ತಿಸಿಕೊಂಡ ದೋಣಿ ಸಮುದ್ರದಲ್ಲಿ ದುಡಿಯುವ ಬಡವರದಾಗಿತ್ತು. ಆ ಬಡವರ ದೋಣಿಯನ್ನು ದೊರೆಯ ಕೈಯಿಂದ ಉಳಿಸಲು ಅಲ್ಲಾಹನು ಮಾಡಿದ ಏರ್ಪಾಡನ್ನು ಸೂರಃ ಅಲ್ ಕಹ್ಫ್ ವಿವರಿಸುತ್ತದೆ. ದೋಣಿಯವನ ದುಡಿಮೆಗೆ ಅಲ್ಲಾಹನ ಬಳಿ ಅಷ್ಟು ಬೆಲೆಯಿರುವಾಗ ಅವನನ್ನು ಹೀನೈಸಲು ನಾವು ಯಾರು?

ಮೀನುಗಾರರ ದಕ್ಕೆಗೂ ಇದೇ ನಿಯಮ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ ಮುಗಿದು ಮೀನುಗಾರಿಕೆ ಮತ್ತೆ ಆರಂಭವಾದಾಗ ದಕ್ಕೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮೀನು ಇಳಿಸಿಯಾದ ಮೇಲೂ ದೋಣಿಯನ್ನು ಅಲ್ಲೇ ಕಟ್ಟಿ ಮನೆಗೆ ಹೋಗುವವನು ಹಿಂದೆ ಕಾಯುತ್ತಿರುವವನ ಮೀನು ಕೆಡಲು ಕಾರಣನಾಗುತ್ತಾನೆ. ಅದು ಅಲಕ್ಷ್ಯವಷ್ಟೇ ಅಲ್ಲ, ಇನ್ನೊಬ್ಬನ ಅನ್ನದ ಮೇಲಿನ ಅಕ್ರಮ.

ಇವೆಲ್ಲಕ್ಕೂ ಮೂಲ ಅವಸರ. ವಿದಾಯದ ಹಜ್ಜ್‌ನಲ್ಲಿ ಅರಫಾದಿಂದ ಜನಸಾಗರ ಮರಳುತ್ತಿದ್ದಾಗ ಹಿಂದಿನಿಂದ ಕೂಗಾಟವೂ ಒಂಟೆಗಳನ್ನು ಹೊಡೆಯುವ ಸದ್ದೂ ಪ್ರವಾದಿವರ್ಯರಿಗೆ(ಸ) ಕೇಳಿಸಿತು. ಅವರು ಚಾಟಿಯಿಂದ ಸನ್ನೆ ಮಾಡಿ ಶಾಂತರಾಗಿರಲು ಹೇಳಿದರು, ಪುಣ್ಯವಿರುವುದು ಧಾವಂತದಲ್ಲಲ್ಲ ಎಂದು ತಿಳಿಸಿದರು. ಹಜ್ಜ್‌ನಂತಹ ಆರಾಧನೆಯಲ್ಲೇ ನುಗ್ಗಾಟಕ್ಕೆ ಪುಣ್ಯವಿಲ್ಲವಾದರೆ ಪೇಟೆಗೆ ಹೋಗುವ ದೋಣಿಯಲ್ಲಿ ಇದ್ದೀತೇ?

ಅವಸರವು ಪ್ರಾಣವನ್ನೂ ತೆಗೆಯಬಲ್ಲುದು. ಮೇಲಂತಸ್ತಿನವರಿಗೆ ತೊಂದರೆಯಾಗದಿರಲೆಂದು ಕೆಳಗಿನವರು ತಮ್ಮ ಪಾಲಿನ ಹಡಗಿಗೆ ರಂಧ್ರ ಕೊರೆಯ ಹೊರಟ ಉಪಮೆಯನ್ನು ಪ್ರವಾದಿವರ್ಯರು(ಸ) ನೀಡಿರುವರು. ಅವರನ್ನು ತಡೆದರೆ ಎಲ್ಲರೂ ಉಳಿಯುವರು, ಬಿಟ್ಟರೆ ಎಲ್ಲರೂ ಮುಳುಗುವರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನರನ್ನು ತುಂಬಿದ್ದ ವಿಹಾರ ದೋಣಿ ಮಗುಚಿ ಮಕ್ಕಳೂ ಸೇರಿ 22 ಮಂದಿ ಮರಣ ಹೊಂದಿದರು. ದೋಣಿ ತುಂಬಿದೆ ಎಂದಾಗ ಹಿಂದೆ ಸರಿಯುವುದು, ಹತ್ತುವವರನ್ನು ಸೌಮ್ಯವಾಗಿ ತಡೆಯುವುದು ನಮ್ಮ ಮೇಲಿನ ಹೊಣೆ.

ಈ ಉಪದೇಶವನ್ನು ನಾನು ಮೊದಲು ನನಗೇ ಮಾಡಿಕೊಳ್ಳಬೇಕಾಗಿದೆ. ವರ್ಷಗಳ ಹಿಂದೆ ಒಂದು ಮಳೆಗಾಲದ ಸಂಜೆ ಆಚೆ ದಡದ ಮಸೀದಿಯಲ್ಲಿ ಮಗ್ರಿಬ್ ಜಮಾಅತ್ ಸಿಗಬೇಕೆಂದು ನಾನು ಕಡವಿನ ಮೆಟ್ಟಿಲಲ್ಲಿ ನುಗ್ಗಿದೆ. ನನ್ನ ಹೆಗಲು ತಾಗಿ ಒಬ್ಬ ಮುದುಕಿಯ ಕಾಲು ಜಾರಿತು. ಅವರು ಬೀಳಲಿಲ್ಲ. ಬುಟ್ಟಿ ಬಿತ್ತು, ಉಳಿದಿದ್ದ ಮೀನುಗಳು ಕೆಸರಿನಲ್ಲಿ ಚೆಲ್ಲಿದವು. 'ಹೋಗು ಮಗಾ, ನಿನಗೆ ಅವಸರವಿರಬೇಕು' ಎಂದಷ್ಟೇ ಅವರು ಹೇಳಿದರು. ನಾನು ಹೋದೆ. ದೋಣಿ ಹೊರಟಿತು, ಅವರು ದಡದಲ್ಲೇ ಉಳಿದರು. ನನಗೆ ಮೊದಲ ಸಫ್ ಸಿಕ್ಕಿತು. ಆ ದಿನ ತೃಪ್ತಿಯಿಂದಲೇ ಮನೆಗೆ ಮರಳಿದೆ.

ಕೆಲವು ತಿಂಗಳ ಬಳಿಕ ಒಂದು ಜುಮಾ ಪ್ರವಚನದಲ್ಲಿ ನೈಜ ದಿವಾಳಿಕೋರನ ಕುರಿತ ಹದೀಸನ್ನು ಕೇಳಿದೆ. ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬರುವ ವ್ಯಕ್ತಿಯೊಬ್ಬ ಒಬ್ಬನನ್ನು ಬೈದಿರುವನು, ಇನ್ನೊಬ್ಬನನ್ನು ಹೊಡೆದಿರುವನು, ಮತ್ತೊಬ್ಬನ ಸೊತ್ತನ್ನು ಕಬಳಿಸಿರುವನು. ಅವನ ಪುಣ್ಯಗಳನ್ನು ಅವರಿಗೆ ಹಂಚಿಕೊಡಲಾಗುವುದು, ಪುಣ್ಯ ಮುಗಿದರೆ ಅವರ ಪಾಪವನ್ನು ಅವನ ಮೇಲೆ ಹೊರಿಸಲಾಗುವುದು. ನನ್ನ ಮೊದಲ ಸಫ್ ಯಾರ ಪಾಲಾಯಿತೆಂದು ಅಂದು ಅರ್ಥವಾಯಿತು. ಹಲವು ಸಂಜೆ ಆ ಕಡವಿಗೆ ಹೋಗಿ ಕಾದೆ. ಅವರ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವರು ಮತ್ತೆ ಸಿಗಲೇ ಇಲ್ಲ.

ಸಹೋದರ ಸಹೋದರಿಯರೇ, ಅಲ್ಲಾಹನ ಹಕ್ಕಿನಲ್ಲಿ ಲೋಪವಾದರೆ ಪಶ್ಚಾತ್ತಾಪದ ಬಾಗಿಲು ತೆರೆದಿದೆ. ಮನುಷ್ಯನ ಹಕ್ಕನ್ನು ಆ ಮನುಷ್ಯನೇ ಮನ್ನಿಸಬೇಕು. ದಿನಾರ್ ದಿರ್ಹಮ್‌ಗಳು ನಡೆಯದ ದಿನ ಬರುವ ಮೊದಲೇ ಲೆಕ್ಕ ತೀರಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವರು. ನೆರೆಮನೆಯವನನ್ನು ನೋಯಿಸಿದರೆ ನಾಳೆ ಅವನ ಬಾಗಿಲು ತಟ್ಟಬಹುದು. ಕಡವಿನಲ್ಲಿ ನೋಯಿಸಿದವರ ಬಾಗಿಲನ್ನು ಎಲ್ಲಿ ಹುಡುಕುವಿರಿ? ಅವರು ಯಾವ ಧರ್ಮದವರೇ ಆಗಿರಲಿ, ಆ ಋಣ ಋಣವೇ. ಅಪರಿಚಿತರೊಂದಿಗೆ ಹೆಚ್ಚು ಎಚ್ಚರವಿರಬೇಕಾದುದು ಇದೇ ಕಾರಣಕ್ಕೆ.

ದೋಣಿಯಲ್ಲಿ ಕುಳಿತಾಗ ಪಠಿಸಲು ಸೂರಃ ಅಝ್ಝುಖ್ರುಫ್ ಕಲಿಸುವ ಪ್ರಾರ್ಥನೆಯು ನಾವು ನಮ್ಮ ಪ್ರಭುವಿನೆಡೆಗೆ ಮರಳುವವರೆಂಬ ಮಾತಿನಿಂದ ಮುಗಿಯುತ್ತದೆ. ಅದನ್ನು ನಿಮ್ಮ ಮಕ್ಕಳಿಗೆ ಕಲಿಸಿರಿ. ಅದರೊಂದಿಗೆ, ಮೆಟ್ಟಿಲಲ್ಲಿ ಹಿಂದೆ ಇರುವವರನ್ನು ಒಮ್ಮೆ ತಿರುಗಿ ನೋಡಿ ದಾರಿ ಬಿಡುವುದನ್ನೂ ಕಲಿಸಿರಿ. ಒಂದು ದೋಣಿ ತಪ್ಪಿದರೆ ಇನ್ನೊಂದು ಬರುತ್ತದೆ.

ಇತರರ ಹಕ್ಕನ್ನು ಹೆಗಲಲ್ಲಿ ಹೊತ್ತು ತನ್ನ ಸನ್ನಿಧಿಗೆ ತಲುಪುವವರ ಸಾಲಿನಿಂದ ಅಲ್ಲಾಹನು ನಮ್ಮೆಲ್ಲರನ್ನೂ ರಕ್ಷಿಸಲಿ. ಆಮೀನ್.