ಅರಮನೆಯ ಬಾಗಿಲಲ್ಲಿ

ಮೈಸೂರರಮನೆಯನ್ನು ನೋಡಬಂದವರು ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಒಳಗಡಿಯಿಡುತ್ತಾರೆ. ನೆಲದ ರಕ್ಷಣೆಗೆ ಅದು ಉಚಿತವೇ. ಆದರೆ ಕಾಲು ಬರಿದಾದೊಡನೆ ಮನಸ್ಸೂ ಬಾಗುವುದುಂಟು, ಬಾಗುವುದು ಯಾವುದಕ್ಕೆ?

ಮರದ ಹಳೆಯ ಅರಮನೆಯು 1897ರಲ್ಲಿ ರಾಜಕುಮಾರಿಯ ವಿವಾಹಕಾಲದಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ನರ ನಕ್ಷೆಯಂತೆ 1912ರಲ್ಲಿ ಮುಗಿದ ಈಗಿನ ಸೌಧಕ್ಕೆ 40 ಲಕ್ಷ ರೂಪಾಯಿಗಳಿಗೂ ಮಿಕ್ಕಿ ವೆಚ್ಚವಾಯಿತು. ಅದು ಏಳುತ್ತಿದ್ದ ಕಾಲದಲ್ಲಿಯೇ, 1898ರಲ್ಲಿ, ಸಂಸ್ಥಾನಕ್ಕೆ ಪ್ಲೇಗು ಕಾಲಿಟ್ಟು ಎಷ್ಟೋ ಮನೆಗಳನ್ನು ಬರಿದುಮಾಡಿತು. ಮಾರ್ಗದರ್ಶಿಯ ಮಾತಿನಲ್ಲಿ ಈ ಸಂಗತಿಗೆ ಎಡೆಯಿರುವುದು ಅಪರೂಪ.

ವೆಚ್ಚದ ಲೆಕ್ಕಕ್ಕೆ ಬೆರಗಾಗುವ ಪ್ರವಾಸಿಯು, ಅಂಬಾವಿಲಾಸದ ಬೀಟೆಮರದ ಬಾಗಿಲಿಗೆ ದಂತದ ಕುಸುರಿಯನ್ನು ಕೂರಿಸಿದವನಾರೆಂದು ಕೇಳುವುದಿಲ್ಲ. ಐಶ್ವರ್ಯಕ್ಕೆ ಮಣಿದವನು ಮನೆಗೆ ಮರಳಿ ತನ್ನ ಜಂತೆಯ ಸೂರನ್ನು ಹಳಿಯುತ್ತಾನೆ. ಕಾಯಕಕ್ಕೆ ಮಣಿದವನ ಕಣ್ಣಿಗೆ, ತನ್ನೂರ ಬಡಗಿಯು ಮಾಡಿದ ಹೊಸ್ತಿಲೂ ಅಂದು ಹೊಸದಾಗಿ ಕಾಣಿಸೀತು.