ಬೇಸಿಗೆ ಶಿಬಿರ ಕಲಿಸುವ ಕೆನೋಸಿಸ್

1885ರಲ್ಲಿ ವೈಎಂಸಿಎ ಕಾರ್ಯಕರ್ತ ಸಮ್ನರ್ ಡಡ್ಲಿ ಏಳು ಹುಡುಗರನ್ನು ಕರೆದುಕೊಂಡು ನ್ಯೂಯಾರ್ಕ್ ರಾಜ್ಯದ ಆರೆಂಜ್ ಲೇಕ್ ದಡದಲ್ಲಿ ಬಿಡಾರ ಹೂಡಿದರು. ಮುಂದೆ ಅವರ ಹೆಸರನ್ನೇ ಪಡೆದ ಆ ಶಿಬಿರ ಶಾಂಪ್ಲೇನ್ ಸರೋವರದ ತೀರಕ್ಕೆ ಸ್ಥಳಾಂತರಗೊಂಡು ಇಂದಿಗೂ ನಡೆಯುತ್ತಿದೆ. ‘ಮೊದಲು ಇನ್ನೊಬ್ಬ’ ಎಂಬುದು ಅದರ ಧ್ಯೇಯವಾಕ್ಯ. ಸಾಲಿನಲ್ಲಿ ಪಕ್ಕದವನಿಗೆ ಜಾಗ ಬಿಡು, ಊಟವನ್ನು ಅವನಿಗೆ ಮೊದಲು ಬಡಿಸು ಎಂದು ಮಕ್ಕಳಿಗೆ ಹೇಳುವ ಸಾಮಾನ್ಯ ನಡತೆಯ ಪಾಠದಂತೆ ಇದು ಕೇಳಿಸುತ್ತದೆ. ಆದರೆ ಕ್ರೈಸ್ತ ಚಿಂತನೆಯಲ್ಲಿ ಈ ಮಾತಿನ ಬೇರು ಬಹಳ ಆಳಕ್ಕೆ ಇಳಿದಿದೆ. ಆ ಬೇರಿಗೆ ದೇವಶಾಸ್ತ್ರಜ್ಞರು ಕೊಟ್ಟ ಹೆಸರು ಕೆನೋಸಿಸ್: ದೇವರು ತನ್ನನ್ನು ತಾನೇ ಬರಿದು ಮಾಡಿಕೊಂಡನೆಂಬ ತತ್ತ್ವ.

ಇದರ ಮೂಲ ಪೌಲನು ಸೆರೆಯಲ್ಲಿದ್ದಾಗ ಫಿಲಿಪ್ಪಿಯ ಸಭೆಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿದೆ. ಫಿಲಿಪ್ಪಿ ರೋಮನ್ನರ ವಸಾಹತು. ನಿವೃತ್ತ ಸೈನಿಕರು ನೆಲೆಸಿದ್ದ ಊರು. ಪದವಿ, ಬಿರುದು, ಸನ್ಮಾನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸುವುದು ಅಲ್ಲಿನ ರೂಢಿ. ಗಣ್ಯ ರೋಮನ್ನನ ಬದುಕು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಬೇಕಿತ್ತು. ಅಂಥ ಊರಿನಲ್ಲಿ, ಒಳಗೊಳಗೇ ಪೈಪೋಟಿ ನಡೆಯುತ್ತಿದ್ದ ಒಂದು ಪುಟ್ಟ ಸಭೆಗೆ ಪೌಲ ಇಳಿದು ಬಂದ ಕ್ರಿಸ್ತನನ್ನು ತೋರಿಸುತ್ತಾನೆ. ಕ್ರಿಸ್ತ ದೈವತ್ವದಿಂದ ದಾಸತ್ವಕ್ಕೆ ಇಳಿದ, ಅಲ್ಲಿಂದ ಶಿಲುಬೆಯ ಮರಣಕ್ಕೆ ಇಳಿದ. ಶಿಲುಬೆ ಆ ಕಾಲದಲ್ಲಿ ಗುಲಾಮರಿಗೂ ದಂಗೆಕೋರರಿಗೂ ಮೀಸಲಾಗಿದ್ದ ಶಿಕ್ಷೆ. ಸನ್ಮಾನದ ಮೆಟ್ಟಿಲುಗಳನ್ನೇ ಹತ್ತುತ್ತಿದ್ದವರಿಗೆ ಇದು ತಲೆಕೆಳಗಾದ ಪಯಣವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಹಾಗಾದರೆ ಕ್ರಿಸ್ತ ಬಿಟ್ಟುಕೊಟ್ಟದ್ದು ಏನನ್ನು?

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಲೂಥರನ್ ಚಿಂತಕ ಗಾಟ್‌ಫ್ರೀಡ್ ತೊಮಾಸಿಯಸ್ ಒಂದು ಉತ್ತರ ಕೊಟ್ಟರು. ಮನುಷ್ಯನಾಗುವಾಗ ದೇವಪುತ್ರನು ಸರ್ವಜ್ಞತೆ, ಸರ್ವಶಕ್ತಿಯಂಥ ಗುಣಗಳನ್ನು ಬದಿಗಿಟ್ಟ, ಪ್ರೀತಿ ಮತ್ತು ಪಾವಿತ್ರ್ಯವನ್ನು ಉಳಿಸಿಕೊಂಡ ಎಂದರು. ಇದಕ್ಕೆ ಆಕ್ಷೇಪಗಳೂ ಬಂದವು. ಕ್ರಿಸ್ತ ಪೂರ್ಣ ದೇವರೂ ಹೌದು, ಪೂರ್ಣ ಮನುಷ್ಯನೂ ಹೌದು ಎಂದು 451ರ ಕಾಲ್ಸಿಡಾನ್ ಮಹಾಸಭೆ ಸಾರಿತ್ತು. ದೈವತ್ವದ ಒಂದು ಪಾಲನ್ನು ಕಳಚಿಟ್ಟರೆ ಆ ಪೂರ್ಣತೆ ಉಳಿಯುವುದು ಹೇಗೆ? ಇದನ್ನು ಎದುರಿಟ್ಟುಕೊಂಡ ಹಲವರು ಬೇರೊಂದು ಓದನ್ನು ಮುಂದಿಟ್ಟರು. ಅವರ ಪ್ರಕಾರ ಕ್ರಿಸ್ತ ಯಾವ ಗುಣವನ್ನೂ ಕಳೆದುಕೊಳ್ಳಲಿಲ್ಲ. ತನ್ನ ಸ್ಥಾನವನ್ನು ಸ್ವಂತ ಲಾಭಕ್ಕೆ ಬಳಸಲಿಲ್ಲ, ಅಷ್ಟೆ. ತನ್ನನ್ನು ಕೊಡುವುದೇ ದೇವರ ಸ್ವಭಾವ, ದಾಸನ ರೂಪದಲ್ಲಿ ಬೆಳಕಿಗೆ ಬಂದದ್ದು ಆ ಸ್ವಭಾವವೇ.

ಗ್ರಂಥಗಳಲ್ಲಿ ಜಟಿಲವಾಗಿ ಕಾಣುವ ಈ ವ್ಯತ್ಯಾಸ ಶಿಬಿರದ ಒಂದು ರಾತ್ರಿಯಲ್ಲಿ ಸ್ಪಷ್ಟವಾಗುತ್ತದೆ. ಕರ್ನಾಟಕದ ಚರ್ಚುಗಳಲ್ಲಿ ಏಪ್ರಿಲ್, ಮೇ ಬಂತೆಂದರೆ ವಿಬಿಎಸ್ ಎಂದೇ ಎಲ್ಲರೂ ಕರೆಯುವ ರಜಾ ಬೈಬಲ್ ಶಾಲೆಗಳು, ವಸತಿ ಶಿಬಿರಗಳು ಶುರುವಾಗುತ್ತವೆ. ಸ್ವಯಂಸೇವಕರಲ್ಲಿ ಅನೇಕರು ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರು; ಮಕ್ಕಳ ಪಾಲಿಗೆ ಅಣ್ಣ, ಅಕ್ಕ. ಅಭಿನಯಗೀತೆ, ಕಥೆ, ಬಾಯಿಪಾಠದ ವಚನಗಳನ್ನು ಕಲಿಸಲು ಅವರು ಸಿದ್ಧವಾಗಿ ಬಂದಿರುತ್ತಾರೆ. ವಸತಿ ಶಿಬಿರದಲ್ಲಿ ರಾತ್ರಿ ಒಂದು ಮಗು ಮನೆಯ ನೆನಪಾಗಿ ಅಳುತ್ತದೆ. ಇನ್ನೊಂದು ಹಾಸಿಗೆ ಒದ್ದೆ ಮಾಡಿಕೊಂಡು ನಾಚಿಕೆಯಿಂದ ಮುದುಡಿರುತ್ತದೆ. ಉಳಿದವರಿಗೆ ಗೊತ್ತಾಗದಂತೆ ಚಾದರ ಬದಲಿಸುವ, ಬೆಳಿಗ್ಗೆ ಆ ಮಾತನ್ನೇ ಎತ್ತದ ಅಕ್ಕ ತನ್ನ ಹಿರಿತನವನ್ನು ಕಳೆದುಕೊಂಡಿರುವುದಿಲ್ಲ. ಬೈಯುವ ಅಧಿಕಾರ ಅವಳಿಗಿತ್ತು. ನಾಲ್ಕು ಜನರ ಮುಂದೆ ತನ್ನ ತಾಳ್ಮೆಯನ್ನು ಹೇಳಿಕೊಂಡು ಮೆಚ್ಚುಗೆ ಪಡೆಯುವ ಅವಕಾಶವೂ ಇತ್ತು. ಎರಡನ್ನೂ ಬಿಟ್ಟು, ತನಗಿದ್ದ ಬಲವನ್ನೆಲ್ಲ ಆ ಮಗುವಿನ ಮಾನ ಕಾಪಾಡಲು ಬಳಸಿದಳು. ಎರಡನೆಯ ಬಗೆಯ ಓದು ಹೇಳುವ ಬರಿದಾಗುವಿಕೆ ಇದೇ.

ಇಂಥ ಸೇವೆಯನ್ನು ಒಂದು ಸಮುದಾಯದ ದಿನಚರಿಯಾಗಿಯೇ ಕಾಣಬೇಕಾದರೆ ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ತೇಜೆ ಎಂಬ ಹಳ್ಳಿಯನ್ನು ನೋಡಬೇಕು. 1940ರಲ್ಲಿ, ಯುದ್ಧದ ನಡುವೆ, ಸ್ವಿಟ್ಜರ್ಲೆಂಡಿನಿಂದ ಬಂದ ಬ್ರದರ್ ರೋಜೆ ಅಲ್ಲಿ ಮನೆ ಹಿಡಿದು ನಿರಾಶ್ರಿತರಿಗೆ ಆಸರೆ ಕೊಟ್ಟರು. ಅಲ್ಲಿ ಬೆಳೆದ ಸನ್ಯಾಸಿ ಸಮುದಾಯವನ್ನು ಹುಡುಕಿಕೊಂಡು ಬೇಸಿಗೆಯಲ್ಲಿ ನಾನಾ ದೇಶಗಳ ಸಾವಿರಾರು ಯುವಜನರು ಬರುತ್ತಾರೆ. ಅವರಲ್ಲಿ ಅನೇಕರು ಡೇರೆಗಳಲ್ಲಿ ಮಲಗುತ್ತಾರೆ. ದಿನಕ್ಕೆ ಮೂರು ಹೊತ್ತು ಪ್ರಾರ್ಥನೆ. ಊಟ ಬಡಿಸುವುದು, ಪಾತ್ರೆ ತೊಳೆಯುವುದು, ಶೌಚಾಲಯ ಸ್ವಚ್ಛ ಮಾಡುವುದು ಬಂದವರೇ ಹಂಚಿಕೊಂಡು ಮಾಡುವ ಕೆಲಸ. ಭಾಷೆ ಬೇರೆ, ಚರ್ಚಿನ ಪಂಗಡ ಬೇರೆ. ಆದರೆ ಪಾತ್ರೆಗಳ ರಾಶಿಯ ಮುಂದೆ ನಿಂತಾಗ ಯಾರ ಪದವಿಗೂ ಅಲ್ಲಿ ಲೆಕ್ಕವಿಲ್ಲ. ಅಲ್ಲಿ ಕೆಲಸ ಮುಗಿದ ಮೇಲೆ ಪ್ರಾರ್ಥನೆ ಶುರುವಾಗುತ್ತದೆ ಎನ್ನುವುದಕ್ಕಿಂತ, ಎರಡೂ ಒಂದೇ ದಿನದ ಉಸಿರಾಟ ಎನ್ನಬಹುದು.

ಸೇವೆ ಮಾಡಲು ಬಂದವರಿಗೆ ಇನ್ನೊಂದು ಕಷ್ಟದ ಪಾಠವಿದೆ. ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯದಲ್ಲಿ ಯೇಸು ಸೊಂಟಕ್ಕೆ ವಸ್ತ್ರ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆಯುತ್ತಾನೆ. ಪೇತ್ರ ಬೇಡವೆನ್ನುತ್ತಾನೆ. ಆ ನಿರಾಕರಣೆ ಮೇಲ್ನೋಟಕ್ಕೆ ವಿನಯದಂತೆ ಕಂಡರೂ, ಗುರುವಿನಿಂದ ಸೇವೆ ಪಡೆಯದಿದ್ದರೆ ಅವನೊಂದಿಗೆ ಪಾಲಿಲ್ಲ ಎಂಬ ಉತ್ತರ ಪೇತ್ರನಿಗೆ ಸಿಗುತ್ತದೆ. ಸದಾ ಕೊಡುವವನಾಗಿಯೇ ಇರುತ್ತೇನೆ ಎನ್ನುವ ಹಟದಲ್ಲೂ ಮೇಲಿನ ಸ್ಥಾನದ ಆಸೆ ಅಡಗಿರುತ್ತದೆ. ಜ್ವರ ಬಂದ ಸ್ವಯಂಸೇವಕನಿಗೆ ಮಕ್ಕಳೇ ನೀರು ತಂದುಕೊಟ್ಟು, ಅವನಿಗಾಗಿ ಪ್ರಾರ್ಥಿಸುವಾಗ ಸುಮ್ಮನೆ ಪಡೆದುಕೊಳ್ಳುವುದೂ ಬರಿದಾಗುವುದರ ಭಾಗವೇ.

ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಈ ಬೋಧನೆ ಮಾಡಬಹುದೇ? ಬ್ರಿಟಿಷ್ ಚಿಂತಕಿ ಡಾಫ್ನಿ ಹ್ಯಾಂಪ್ಸನ್ ಎತ್ತಿದ ಆಕ್ಷೇಪ ಇದನ್ನು ಕುರಿತೇ. ಅಹಂಕಾರ ತುಂಬಿದ, ಅಧಿಕಾರವುಳ್ಳ ಗಂಡಸಿಗೆ ಬರಿದಾಗು ಎಂದರೆ ಅದು ಔಷಧ. ತ್ಯಾಗ ಮಾಡು ಎಂದು ಹುಟ್ಟಿನಿಂದಲೇ ಕೇಳಿಸಿಕೊಂಡ ಹೆಣ್ಣಿಗೆ ಅದನ್ನೇ ಹೇಳಿದರೆ ಏನು ಸಿಕ್ಕಂತಾಯಿತು? ಇದಕ್ಕೆ ದೇವಶಾಸ್ತ್ರಜ್ಞೆ ಸಾರಾ ಕೋಕ್ಲಿ 1996ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಉತ್ತರಿಸಿದರು. ಮೌನ ಪ್ರಾರ್ಥನೆಯಲ್ಲಿ ದೇವರ ಮುಂದೆ ತನ್ನನ್ನು ತೆರೆದಿಡುವುದು ಮನುಷ್ಯರ ದಬ್ಬಾಳಿಕೆಗೆ ತಲೆಬಾಗುವುದಲ್ಲ, ಅದನ್ನು ಎದುರಿಸುವ ಧೈರ್ಯವೂ ಅಲ್ಲಿಂದಲೇ ಬರಬಲ್ಲದು ಎಂಬುದು ಅವರ ನಿಲುವು. ಇಬ್ಬರ ಮಾತೂ ಶಿಬಿರ ನಡೆಸುವವರಿಗೆ ಬೇಕು. ಗಂಡಸರು ವೇದಿಕೆಯಲ್ಲಿ ಪ್ರಸಂಗ ಮಾಡುತ್ತಾ, ಹೆಂಗಸರು ಇಡೀ ದಿನ ಒಲೆಯ ಮುಂದೆ ಬೇಯುತ್ತಿದ್ದರೆ ಅಲ್ಲಿ ಕಾಣುವುದು ಕ್ರಿಸ್ತನ ದಾಸ್ಯವಲ್ಲ, ಊರಿನ ಹಳೆಯ ಕಟ್ಟುಪಾಡು.

ಅಧಿಕಾರ ಉಳ್ಳವರೇ ಮೊದಲು ಇಳಿಯಬೇಕೆಂಬುದನ್ನು ಶಿಬಿರದ ನಿಯಮಗಳೂ ಹೇಳಬಲ್ಲವು. ಯಾವ ಹಿರಿಯರೂ ಒಂದು ಮಗುವಿನ ಜೊತೆ ಬೇರೆಯವರ ಕಣ್ಣಿಗೆ ಬೀಳದಂತೆ ಒಂಟಿಯಾಗಿ ಇರಕೂಡದು ಎಂಬ ಕಟ್ಟುನಿಟ್ಟನ್ನು ಕೆಲವರು ಅಪನಂಬಿಕೆ ಎಂದು ಬೇಸರಿಸಿಕೊಳ್ಳುತ್ತಾರೆ. ಮಗುವಿನ ಸುರಕ್ಷೆಗಾಗಿ ‘ನನ್ನನ್ನು ನಂಬಿ’ ಎಂಬ ಹಕ್ಕನ್ನೂ ಬಿಟ್ಟುಕೊಡುವುದು ಕೆನೋಸಿಸ್‌ನ ಅತ್ಯಂತ ಪ್ರಾಮಾಣಿಕ ರೂಪಗಳಲ್ಲಿ ಒಂದು. ಆರನೆಯ ಶತಮಾನದ ಸಂತ ಬೆನೆಡಿಕ್ಟ್ ತಮ್ಮ ಮಠದ ನಿಯಮಾವಳಿಯಲ್ಲಿ ಅಡುಗೆಮನೆಯ ಕೆಲಸಕ್ಕೆ ವಾರದ ಸರದಿ ಹಾಕಿದ್ದರು. ಕಾಯಿಲೆಯವರು, ದೊಡ್ಡ ಹೊಣೆ ಹೊತ್ತವರು ಬಿಟ್ಟರೆ ಯಾರಿಗೂ ವಿನಾಯಿತಿ ಇರಲಿಲ್ಲ. ಅತಿಥಿಗಳ ಕೈಗೆ ನೀರು ಹಾಕುವುದು ಮಠಾಧಿಪತಿಯ ಕೆಲಸವಾಗಿತ್ತು. ಬೇಸಿಗೆ ಶಿಬಿರಕ್ಕೆ ತಯಾರಿ ನಡೆಸುವ ಸಭೆಗಳು ಹಾಡು, ಕಥೆ, ಆಟಗಳ ಪಟ್ಟಿಯ ಜೊತೆಗೆ ಅಂಥದೊಂದು ಸರದಿ ಪಟ್ಟಿಯನ್ನೂ ಗೋಡೆಗೆ ಅಂಟಿಸಲಿ. ಪಾತ್ರೆ ತೊಳೆಯುವವರ ಸಾಲಿನಲ್ಲಿ ಸಭಾಪಾಲಕರ ಮತ್ತು ಸಮಿತಿಯ ಹಿರಿಯರ ಹೆಸರು ಮೊದಲ ದಿನವೇ ಇರಲಿ.