ಮಸಿ ಕಳೆದರೆ ದೋಷ ಕಳೆಯಿತೆ?

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಕೃಷ್ಣ ಕರ್ಮದ ದೋಷವನ್ನು ಬೆಂಕಿಯ ಹೊಗೆಗೆ ಹೋಲಿಸುತ್ತಾನೆ. ದೋಷವಿದೆಯೆಂದು ನಿನ್ನ ಕೆಲಸ ಬಿಡಬೇಡ ಎಂಬುದು ತಾತ್ಪರ್ಯ. ನಾವು ಇದನ್ನು ಬಹುಮಟ್ಟಿಗೆ ಸಮಾಧಾನಕ್ಕೇ ಬಳಸಿಕೊಂಡಿದ್ದೇವೆ: ದೋಷ ಹೇಗೂ ತಪ್ಪದು, ತಲೆಕೆಡಿಸಿಕೊಳ್ಳುವುದೇಕೆ? ಅದೇ ಉಪಮೆಯನ್ನು ಡೀಸೆಲ್ ಇಂಜಿನ್ನಿನೊಳಗೆ ಇಟ್ಟು ನೋಡಿದರೆ ಈ ಸಮಾಧಾನ ನಿಲ್ಲುವುದಿಲ್ಲ.

ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಲ್ಯಾಬುಗಳಲ್ಲಿ ಕಾಣಸಿಗುವ ಒಂಟಿ ಸಿಲಿಂಡರಿನ ಕಿರ್ಲೋಸ್ಕರ್ ಇಂಜಿನ್ನನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 1500 ಸುತ್ತು. ಪಿಸ್ಟನ್ ಮೇಲಿನ ತುದಿ ಮುಟ್ಟಲು ಕ್ರ್ಯಾಂಕ್ ದಂಡ ಇನ್ನೂ ಸುಮಾರು 23 ಡಿಗ್ರಿ ತಿರುಗಬೇಕಿರುವಾಗಲೇ ಡೀಸೆಲ್ ಸಿಂಪಡಣೆ ಶುರು. ಆ ವೇಗದಲ್ಲಿ ಒಂದು ಡಿಗ್ರಿಯೆಂದರೆ ಸೆಕೆಂಡಿನ 9000ದಲ್ಲಿ ಒಂದು ಪಾಲು. ಮೂರ್ನಾಲ್ಕು ಡಿಗ್ರಿ ಮುಂಚಿತವಾಗಿ ಸಿಂಪಡಿಸಿದರೆ ಇಂಧನಕ್ಕೆ ಗಾಳಿಯೊಡನೆ ಬೆರೆಯಲು ಹೊತ್ತು ಸಿಕ್ಕಿ ಮಸಿ ಇಳಿಯುತ್ತದೆ; ಆದರೆ ಒತ್ತಡವೂ ಶಾಖವೂ ಏರಿ, ಗಾಳಿಯ ನೈಟ್ರೋಜನ್ ಆಮ್ಲಜನಕದೊಡನೆ ಕೂಡಿ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ತಡಮಾಡಿದರೆ ಅದು ತಗ್ಗುತ್ತದೆ, ಮಸಿ ಏರುತ್ತದೆ, ಡೀಸೆಲ್ಲೂ ಹೆಚ್ಚು ಬೇಕಾಗುತ್ತದೆ. ಕಾಕಂಬಿಯಿಂದ ತೆಗೆದ ಎಥನಾಲ್ ಬೆರೆಸಿದರೆ ಲೆಕ್ಕ ಇನ್ನೂ ತೊಡಕು. ಅದರ ತೂಕದಲ್ಲಿ ಸುಮಾರು ಶೇ. 35 ಆಮ್ಲಜನಕವೇ ಇರುವುದರಿಂದ ಮಸಿ ಕಡಿಮೆ. ಹಾಗಾಗಿ ಸಿಂಪಡಣೆಯನ್ನು ತುಸು ತಡಮಾಡುವ ಅವಕಾಶವೂ ಸಿಗುತ್ತದೆ. ಆದರೆ ತಾನಾಗಿ ಹೊತ್ತಿಕೊಳ್ಳುವ ಗುಣವನ್ನು ಅಳೆಯುವ ಸೀಟೇನ್ ಅಂಕ ಡೀಸೆಲ್‌ಗೆ 50ರ ಆಸುಪಾಸು, ಎಥನಾಲ್‌ಗೆ 10ರ ಆಸುಪಾಸು. ಆವಿಯಾಗಲು ಎಥನಾಲ್ ಡೀಸೆಲ್‌ನ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ. ಉರಿ ತಡವಾಗಿ ಹತ್ತುತ್ತದೆ, ಹತ್ತಿದ ಮೇಲೆ ಒಮ್ಮೆಲೇ ಭುಗಿಲೇಳುತ್ತದೆ. ಲೋಡ್ ಕಡಿಮೆಯಿದ್ದಾಗ ಅರೆಬರೆ ಉರಿದ ಇಂಧನ, ಕಾರ್ಬನ್ ಮಾನಾಕ್ಸೈಡ್, ಅಸೆಟಾಲ್ಡಿಹೈಡ್ ಹೊರಬೀಳುತ್ತವೆ. ಇಂಧನ ಬದಲಾದರೆ ಸಕಾಲವೂ ಬದಲಾಗುತ್ತದೆ. ಮುಹೂರ್ತ ನಂಬುವವರೂ ಇದನ್ನು ಒಪ್ಪಿಯಾರು.

ಹೀಗೆ ಕಣ್ಣಿಗೆ ಬೀಳುವ ಕರಿಹೊಗೆ ಹೋಗಿ ಕಣ್ಣಿಗೆ ಕಾಣದ ಅನಿಲ ಬರುತ್ತದೆ. ಗೀತೆಯ ಮಾತಿಗೆ ಇದು ಪುಷ್ಟಿಯೇ. ಆದರೆ ಯಾವ ದೋಷ, ಎಷ್ಟು, ಯಾರ ಶ್ವಾಸಕೋಶಕ್ಕೆ ಎಂಬುದನ್ನು ಯಾರೋ ಕೂತು ಆರಿಸಿರುತ್ತಾರೆ. ದೋಷ ಅನಿವಾರ್ಯವೆಂಬುದು ನಿಜ, ಇದೇ ದೋಷ ಅನಿವಾರ್ಯವೆಂಬುದು ಸುಳ್ಳು.

ಹಾಗಿದ್ದರೆ ಬೆಂಕಿಯನ್ನೇ ಹಚ್ಚಬಾರದು ಎನ್ನುವ ಸಂನ್ಯಾಸದ ಆಕ್ಷೇಪ ಹಗುರವಾದುದಲ್ಲ. ಆದರೆ ಅಹಿಂಸೆಯನ್ನು ಅಷ್ಟು ಕಟ್ಟುನಿಟ್ಟಾಗಿ ಹಿಡಿದ ಜೈನರೇ ಗೃಹಸ್ಥನಿಗಾಗಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿದರು. ಬೇಕೆಂದೇ ಮಾಡುವ ಮೊದಲನೆಯದನ್ನು ಬಿಡಲೇಬೇಕು. ಮನೆಗೆಲಸದಲ್ಲಿ (ಆರಂಭಿ), ಕಸುಬಿನಲ್ಲಿ (ಉದ್ಯೋಗಿ), ಆತ್ಮರಕ್ಷಣೆಯಲ್ಲಿ (ವಿರೋಧಿ) ಆಗಿಯೇ ತೀರುವುದನ್ನು ಎಚ್ಚರದಿಂದ ತಗ್ಗಿಸಬೇಕು. ಇನ್ನು, ನೈಟ್ರೋಜನ್ ಆಕ್ಸೈಡ್ ತಗ್ಗಿಸುವ ಯೂರಿಯಾ ದ್ರಾವಣ, ಮಸಿ ಹಿಡಿಯುವ ಫಿಲ್ಟರ್ ಬಂದ ಮೇಲೆ ಮಸಿಯೋ ಅನಿಲವೋ ಎಂಬ ಇಕ್ಕಟ್ಟೇ ಹಳತಾಯಿತು ಎನ್ನುವವರೂ ಇದ್ದಾರೆ. ಬಿಎಸ್-6 ಮಾಲಿನ್ಯ ಮಿತಿಯ ವಾಹನಗಳ ಹೊಗೆ ಹಳೆಯವಕ್ಕಿಂತ ಎಷ್ಟೋ ಶುದ್ಧ, ಒಪ್ಪಿದೆ. ಅದರಿಂದ ನನ್ನ ವಾದಕ್ಕೇ ಬಲ: ತಗ್ಗಿಸಲು ಬರುತ್ತದೆಂದು ಗೊತ್ತಿದ್ದೂ ತಗ್ಗಿಸದಿದ್ದರೆ ಉದ್ಯೋಗಿ ಹಿಂಸೆ ಸಂಕಲ್ಪಿಯ ಕಡೆಗೆ ಜಾರುತ್ತದೆ. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರು ಕಂಪನಿ ಸಿಕ್ಕಿಬಿದ್ದದ್ದು ಇಲ್ಲಿಯೇ. ಪರೀಕ್ಷೆ ನಡೆಯುತ್ತಿದೆಯೆಂದು ಸಾಫ್ಟ್‌ವೇರ್ ಗುರುತಿಸಿದಾಗ ಮಾತ್ರ ಶುದ್ಧವಾಗಿ ಓಡುತ್ತಿದ್ದ ಅದರ ಡೀಸೆಲ್ ಕಾರುಗಳು ರಸ್ತೆಗಿಳಿದರೆ ಅಮೆರಿಕದ ಮಿತಿಯ 40 ಪಟ್ಟಿನವರೆಗೂ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿದ್ದವು. ಬೆಂಕಿಗೆ ಹೊಗೆ ಸಹಜ ಎಂದು ಅವರ ಪರವಾಗಿ ಯಾವ ಭಾಷ್ಯಕಾರನೂ ವಾದಿಸಲಾರ. ತಗ್ಗಿಸುವ ಉಪಾಯ ಅದೇ ಕಾರಿನೊಳಗಿತ್ತು, ಬೇಕೆಂದೇ ಅದನ್ನು ಸುಮ್ಮನಿರಿಸಲಾಗಿತ್ತು.